ಕಲ್ಯಾಣದ ಹಾದಿಯಲ್ಲಿ ಹೊಸ ಟೈರಿನ ಪಾಠ

ಬೀದರ ಜಿಲ್ಲೆಯ ಬಸವಕಲ್ಯಾಣವು ನಮ್ಮ ಮನೆತನಗಳಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರಬೇಕೆನಿಸುವ ಊರು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ತನ್ನ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಬಿಲ್ಹಣ ಕವಿಯೂ ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನೂ ಇದ್ದುದು ಈ ಕಲ್ಯಾಣದಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅವರ ಸಂಗಡದ ಶರಣರೂ ಇದನ್ನು ಕಾಯಕಭೂಮಿಯನ್ನಾಗಿ ಮಾಡಿದರು. ಬಹುಕಾಲ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದ ಈ ಪ್ರದೇಶವು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕನ್ನಡ ನಾಡಿಗೆ ಸೇರಿತು.

ಹಿಂದೆ ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಿದ್ದರು. ಹೊರಡುವ ಮುನ್ನಾದಿನ ಗಾಲಿಯ ಕೀಲು ನೋಡುವುದು, ಅಚ್ಚಿಗೆ ಕೀಲೆಣ್ಣೆ ಹಾಕುವುದು ಮನೆಯ ಯಜಮಾನರ ಕೆಲಸವಾಗಿತ್ತು. ಅನಂತರ ಬಸ್ಸಿನ ಕಾಲ ಬಂದಿತು. ಗಾಲಿಯ ಚಿಂತೆ ಸಂಸ್ಥೆಯವರಿಗೆ ಸೇರಿತು. ಈಗ ಅನೇಕ ಕುಟುಂಬಗಳು ಸ್ವಂತ ಕಾರಿನಲ್ಲಿ ಬರುತ್ತಿರುವುದರಿಂದ ಗಾಲಿಯ ಚಿಂತೆ ಪುನಃ ಮನೆಯ ಯಜಮಾನರ ಪಾಲಿಗೇ ಬಂದಿದೆ. ಆದರೆ ಚಕ್ಕಡಿಯ ಅಚ್ಚನ್ನು ಬಲ್ಲಷ್ಟು ಕಾರಿನ ಗಾಲಿಯನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಈ ಪ್ರವಾಸದಲ್ಲಿ ನಾವು ಕಂಡುದನ್ನೂ ಕಲಿತುದನ್ನೂ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಕಲಬುರಗಿಯಿಂದ ಹುಮನಾಬಾದಕ್ಕೆ

ನಾವು ಐವರು, ಅದರಲ್ಲಿ ಎಪ್ಪತ್ತು ದಾಟಿದ ತಾಯಿಯವರೊಬ್ಬರು, ಕಲಬುರಗಿಯಿಂದ ಬೆಳಗಿನ ಹೊತ್ತು ಹೊರಟೆವು. ಕಮಲಾಪುರದ ಕೆಂಪು ಬಾಳೆಹಣ್ಣು ಹೆಸರುವಾಸಿಯಾದುದು; ಅಲ್ಲಿ ಇಳಿದು ಒಂದು ಚಿಪ್ಪು ಕೊಂಡೆವು. ರಸ್ತೆಯ ಎರಡೂ ಬದಿಗೆ ತೊಗರಿಯ ಹೊಲಗಳು, ಎರೆಯ ಮಣ್ಣು. ಮುಂದೆ ನೆಲ ಏರಿದಂತೆ ಎರೆಯ ಕಪ್ಪು ಹಿಂದೆ ಸರಿದು ಬೀದರ ಸೀಮೆಯ ಕೆಂಪು ಜಂಬಿಟ್ಟಿಗೆ ಕಾಣಿಸಿಕೊಳ್ಳುತ್ತದೆ.

ಹೊರಡುವ ಹಿಂದಿನ ದಿನವಷ್ಟೇ ಅಂಗಡಿಯೊಂದರಲ್ಲಿ ಕಾರಿಗೆ ನಾಲ್ಕೂ ಹೊಸ ಟೈರುಗಳನ್ನು ಹಾಕಿಸಲಾಗಿತ್ತು. ಊರೊಳಗೆ ಯಾವ ದೋಷವೂ ತೋರಲಿಲ್ಲ. ಬಯಲು ರಸ್ತೆಯಲ್ಲಿ ವೇಗ 70 ಕಿಲೋಮೀಟರ್ ದಾಟಿದಾಗ ಸ್ಟೀರಿಂಗು ಸಣ್ಣಗೆ ನಡುಗತೊಡಗಿತು. 85-90ರಲ್ಲಿ ನಡುಕ ಹೆಚ್ಚಾಯಿತು. ಅದರ ಜೊತೆಗೆ ದುಂಬಿಯ ಝೇಂಕಾರದಂತಹ ಸದ್ದೊಂದು ನೆಲದ ಕೆಳಗಿನಿಂದ ಬರುತ್ತಿತ್ತು. “ಯಾಕಪ್ಪಾ, ಗಾಡಿ ಹಿಂಗ್ಯಾಕ ನಡಗತದ?” ಎಂದು ತಾಯಿಯವರು ಎರಡು ಸಲ ಕೇಳಿದರು. ಟೈರು ಹಾಕಿದ ಅಂಗಡಿಗೆ ದೂರವಾಣಿ ಮಾಡಿದರೆ, “ಹೊಸ ಟೈರು, ಐದುನೂರು ಕಿಲೋಮೀಟರ್ ಓಡಿದರೆ ತಾನೇ ಕೂಡುತ್ತದೆ” ಎಂಬ ಉತ್ತರ ಬಂದಿತು. ಹೊಸ ಟೈರಿನ ಮೇಲ್ಮೈ ಮೊದಲ ಕೆಲವು ನೂರು ಕಿಲೋಮೀಟರ್ ನುಣುಪಾಗಿದ್ದು, ಹಿಡಿತ ತುಸು ಕಡಿಮೆಯಿರುವುದು ನಿಜ. ಆದರೆ ಸ್ಟೀರಿಂಗು ನಡುಗುವುದು ಹೊಸತನದ ಲಕ್ಷಣವಲ್ಲ. ಅದು ದೋಷದ ಲಕ್ಷಣ. ವೇಗವನ್ನು 50ಕ್ಕೆ ಇಳಿಸಿಕೊಂಡು ಹುಮನಾಬಾದ ಮುಟ್ಟಿದೆವು.

ಹುಮನಾಬಾದ ಕೂಡುದಾರಿಯ ಊರು. ಪುಣೆ-ಹೈದರಾಬಾದ ಹೆದ್ದಾರಿಯೂ ಬೀದರ-ಕಲಬುರಗಿ ಹೆದ್ದಾರಿಯೂ ಇಲ್ಲಿ ಸಂಧಿಸುತ್ತವೆ. 2017ರಲ್ಲಿ ಬೀದರ-ಕಲಬುರಗಿ ರೈಲು ಮಾರ್ಗ ಪೂರ್ಣಗೊಂಡ ಮೇಲೆ ರೈಲಿನ ಅನುಕೂಲವೂ ಒದಗಿತು. ವೀರಭದ್ರೇಶ್ವರನ ದೇವಸ್ಥಾನ ಈ ಊರಿನ ಹೆಮ್ಮೆ. ಜನವರಿ ತಿಂಗಳ ಜಾತ್ರೆಗೆ ನೆರೆಯ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ. ಸಮೀಪದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಂಸ್ಥಾನವಿದೆ. ತಾಯಿಯವರನ್ನೂ ಮಕ್ಕಳನ್ನೂ ವೀರಭದ್ರೇಶ್ವರನ ದರ್ಶನಕ್ಕೆ ಕಳುಹಿಸಿ, ನಾವು ಹೆದ್ದಾರಿಯ ಬದಿಯ ಗ್ಯಾರೇಜಿಗೆ ಕಾರನ್ನು ಒಯ್ದೆವು.

ಮಿಸ್ತ್ರಿಯವರ ಪ್ರಶ್ನೆಗಳು

ಅಲ್ಲಿನ ಮಿಸ್ತ್ರಿಯವರು ವಯಸ್ಸಾದವರು. ಪಾನಾ ಕೈಗೆತ್ತಿಕೊಳ್ಳುವ ಮೊದಲು ಅವರು ಕೇಳಿದ್ದು ಬರೀ ಪ್ರಶ್ನೆಗಳನ್ನು. “ಸಾಹೇಬ್ರ, ನಡುಕ ಎಲ್ಲಿ ಬರ್ತದ? ಕೈಯಾಗೋ, ಕುಂತಲ್ಲೋ?” ಎಂಬುದು ಮೊದಲನೆಯ ಪ್ರಶ್ನೆ. ನಡುಕವು ಸ್ಟೀರಿಂಗಿನಲ್ಲಿ ತೋರಿದರೆ ಸಾಮಾನ್ಯವಾಗಿ ದೋಷ ಮುಂದಿನ ಗಾಲಿಗಳದು. ಸೀಟಿನಲ್ಲಿ, ನೆಲದಲ್ಲಿ ತೋರಿದರೆ ಹಿಂದಿನ ಗಾಲಿಗಳದು. ನಮ್ಮದು ಕೈಯಲ್ಲಿ ಬರುತ್ತಿತ್ತು.

“ಎಷ್ಟು ಸ್ಪೀಡಿಗೆ ಬರ್ತದ?” ಎಂಬುದು ಎರಡನೆಯದು. ಒಂದು ನಿರ್ದಿಷ್ಟ ವೇಗದಲ್ಲಿ ಆರಂಭವಾಗಿ, ಇನ್ನೊಂದು ವೇಗದಲ್ಲಿ ಏರಿ, ಅದನ್ನು ದಾಟಿದರೆ ತಗ್ಗುವ ನಡುಕವು ಗಾಲಿಯ ತೂಕ ಸಮನಾಗಿಲ್ಲವೆಂಬುದರ ಗುರುತು. ಇಪ್ಪತ್ತು-ಮೂವತ್ತರ ನಿಧಾನದಲ್ಲಿಯೇ ಗಾಡಿ ಕುಂಟುವಂತಾದರೆ ವಿಷಯ ಬೇರೆ: ಡಿಸ್ಕ್ ಬಾಗಿರಬಹುದು, ಟೈರು ಉಬ್ಬಿರಬಹುದು, ಇಲ್ಲವೆ ನಟ್ಟು ಸಡಿಲಾಗಿರಬಹುದು. ಇವು ಮೂರೂ ಅಪಾಯದವು.

“ಬ್ರೇಕ್ ಹಾಕ್ದಾಗ ಅಷ್ಟೇ ಬರ್ತದೋ, ಸುಮ್ಮ ಹೋಗುವಾಗೂ ಅದನೋ?” ಎಂಬುದು ಮೂರನೆಯದು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ದೋಷ ಬ್ರೇಕಿನದು. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿದರೆ ಎಂಜಿನ್ನಿನಿಂದ ಗಾಲಿಗೆ ಬಲವನ್ನು ಒಯ್ಯುವ ಶಾಫ್ಟಿನ ಕೀಲುಗಳನ್ನು ನೋಡಬೇಕು. ಖಾಲಿ ರಸ್ತೆಯಲ್ಲಿ, ಎಂಜಿನ್ನನ್ನು ಆರಿಸದೆ, ಕ್ಲಚ್ ಒತ್ತಿ ಗಾಡಿಯನ್ನು ಹಾಗೆಯೇ ಉರುಳಗೊಟ್ಟಾಗಲೂ ಅದೇ ವೇಗಕ್ಕೆ ನಡುಕ ಉಳಿದರೆ ಎಂಜಿನ್ನಿನ ದೋಷವಲ್ಲ, ಗಾಲಿಯದೇ ಎಂದು ತಿಳಿಯಬೇಕು. ವೈದ್ಯರು ನಾಡಿ ಹಿಡಿಯುವ ಮುನ್ನ ರೋಗಿಯನ್ನು ಮಾತನಾಡಿಸುವ ಹಾಗೆ, ಈ ಪ್ರಶ್ನೆಗಳಿಂದಲೇ ಅರ್ಧ ಪರೀಕ್ಷೆ ಮುಗಿಯಿತು.

ಮುಂದೆ ಅವರು ಹವಾ ನೋಡಿದರು. ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿ 33 ಎಂದು ಬರೆದಿದ್ದರೆ ಗಾಲಿಗಳಲ್ಲಿ 44 ಇತ್ತು. ಟ್ಯೂಬಿಲ್ಲದ ಟೈರಿನ ಅಂಚು ಡಿಸ್ಕಿನಲ್ಲಿ ಗಟ್ಟಿಯಾಗಿ ಕೂಡಲೆಂದು ಹಾಕುವಾಗ ಹೆಚ್ಚು ಹವಾ ತುಂಬುತ್ತಾರೆ. ಅನಂತರ ಅದನ್ನು ಇಳಿಸಬೇಕು. ಇಲ್ಲಿ ಇಳಿಸಿರಲಿಲ್ಲ. ಓಡಿ ಬಂದ ಟೈರು ಬಿಸಿಯಾಗಿದ್ದರೆ ನಾಲ್ಕಾರು ಅಂಕ ಹೆಚ್ಚು ತೋರುವುದು ಸಹಜ. ಹನ್ನೊಂದು ತೋರುವುದು ಸಹಜವಲ್ಲ. ಹವಾ ಮಿತಿಮೀರಿದ ಟೈರು ರಸ್ತೆಯ ಪ್ರತಿಯೊಂದು ಕಲ್ಲನ್ನೂ ಕುಳಿತವರಿಗೆ ಮುಟ್ಟಿಸುತ್ತದೆ, ಬ್ರೇಕಿನ ಹಿಡಿತವನ್ನೂ ಕಡಿಮೆ ಮಾಡುತ್ತದೆ. ಗಾಡಿ ತಣ್ಣಗಾಗುವವರೆಗೆ ಕಾಯ್ದು ಅಳತೆ ಸರಿಮಾಡಿದರು. ನಟ್ಟುಗಳನ್ನು ಒಂದನ್ನು ಬಿಟ್ಟು ಎದುರಿನದನ್ನು ಬಿಗಿಯುವ ಕ್ರಮದಲ್ಲಿ ಪರೀಕ್ಷಿಸಿದರು. ಟೈರಿನ ಅಂಚಿನ ಬಳಿ ಸುತ್ತಲೂ ಒಂದು ಸಣ್ಣ ಗೆರೆಯಿರುತ್ತದೆ. ಅದು ಡಿಸ್ಕಿನಿಂದ ಎಲ್ಲ ಕಡೆಗೂ ಸಮ ದೂರದಲ್ಲಿದ್ದರೆ ಟೈರು ಸರಿಯಾಗಿ ಕೂತಿದೆ ಎಂದರ್ಥ. ನಮ್ಮದು ಸಮನಾಗಿತ್ತು.

ನಡುಕದ ಮೂಲ

ಎಡಗಡೆಯ ಮುಂದಿನ ಗಾಲಿಯನ್ನು ಬಿಚ್ಚಿ ತಿರುಗಿಸಿ ನೋಡಿದಾಗ ಎರಡು ಸಂಗತಿಗಳು ಹೊರಬಿದ್ದವು. ಒಂದು, ಹಳೆಯ ಟೈರಿಗೆಂದು ಡಿಸ್ಕಿಗೆ ಹಚ್ಚಿದ್ದ ಸೀಸದ ತುಣುಕುಗಳು ಹಾಗೆಯೇ ಉಳಿದಿದ್ದವು. ಎರಡು, ಡಿಸ್ಕಿನ ಒಳಮೈಯಲ್ಲಿ ಎರೆಯ ಮಣ್ಣು ಅಂಗೈಯಗಲ ಹತ್ತಿ ಒಣಗಿ ಕಲ್ಲಾಗಿತ್ತು. ಮಳೆಗಾಲದಲ್ಲಿ ಹೊಲದ ದಾರಿ ತುಳಿದ ಈ ಭಾಗದ ಗಾಡಿಗಳಿಗೆಲ್ಲ ಇದು ಸಾಮಾನ್ಯವೆಂದು ಮಿಸ್ತ್ರಿಯವರು ಹೇಳಿದರು. ಹೊರಗಿನಿಂದ ನೋಡಿದರೆ ಇದು ಕಾಣುವುದೇ ಇಲ್ಲ.

ಪ್ರತಿಯೊಂದು ಟೈರಿಗೂ ತನ್ನದೇ ಆದ ಭಾರದ ಜಾಗ, ಹಗುರ ಜಾಗ ಇರುತ್ತವೆ. ಅನೇಕ ಹೊಸ ಟೈರುಗಳ ಮೇಲೆ ಹಳದಿ ಚುಕ್ಕೆಯಿಟ್ಟು ಹಗುರ ಜಾಗವನ್ನು ಗುರುತಿಸಿರುತ್ತಾರೆ. ಹವಾ ಹಾಕುವ ವಾಲ್ವಿನ ನೇರಕ್ಕೆ ಅದನ್ನು ಕೂಡಿಸುವುದು ರೂಢಿ. ಟೈರು ಬದಲಾದರೆ ಹಳೆಯ ತೂಕದ ಲೆಕ್ಕ ಉಪಯೋಗಕ್ಕೆ ಬಾರದು. ಹಳೆಯ ಸೀಸವನ್ನು ತೆಗೆದು ಯಂತ್ರದ ಮೇಲೆ ಹೊಸದಾಗಿ ತೂಗಬೇಕು. ಇದಕ್ಕೆ ಬ್ಯಾಲೆನ್ಸಿಂಗ್ ಎಂದು ಹೆಸರು.

ಮೂವತ್ತು ಗ್ರಾಮಿನ ಸೀಸ ಇಷ್ಟು ದೊಡ್ಡ ಗಾಡಿಯನ್ನು ನಡುಗಿಸಬಲ್ಲದೇ ಎಂದು ಓದುಗರಿಗೆ ಸಂದೇಹ ಬರಬಹುದು. ಸಣ್ಣ ಕಾರಿನ ಗಾಲಿಯ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹನ್ನೆರಡು ಸಲ ತಿರುಗುತ್ತದೆ. ಕವಣೆಯಲ್ಲಿ ಕಲ್ಲನ್ನಿಟ್ಟು ಬೀಸಿದವರಿಗೆ ಅದು ಕೈಯನ್ನು ಎಳೆಯುವ ಬಗೆ ಗೊತ್ತು. ಡಿಸ್ಕಿನ ಅಂಚಿನಲ್ಲಿರುವ ಮೂವತ್ತು ಗ್ರಾಮಿನ ಹೆಚ್ಚಿನ ಭಾರವು 100 ಕಿಲೋಮೀಟರ್ ವೇಗದಲ್ಲಿ ಹೆಚ್ಚುಕಡಿಮೆ ಐದು ಕಿಲೋ ತೂಕದಷ್ಟು ಬಲದಿಂದ ಗಾಲಿಯನ್ನು ಪ್ರತಿ ಸುತ್ತಿಗೂ ಎಳೆಯುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಊರೊಳಗೆ ತೋರದ ನಡುಕವು ಹೆದ್ದಾರಿಯಲ್ಲಿ ತೋರಲು ಇದೇ ಕಾರಣ.

ಮಣ್ಣನ್ನು ಕೆರೆದು ತೊಳೆದು, ಹಳೆಯ ಸೀಸ ಕಿತ್ತು, ನಾಲ್ಕೂ ಗಾಲಿಗಳನ್ನು ಯಂತ್ರಕ್ಕೆ ಏರಿಸಿ ಸರಿದೂಗಿಸಿದರು. ಸುಮಾರು ಒಂದು ಗಂಟೆಯ ಕೆಲಸ. ಅಲೈನ್‌ಮೆಂಟ್ ಎಂಬುದು ಬೇರೆಯ ಕೆಲಸವೆಂದೂ ಅವರು ತಿಳಿಸಿಕೊಟ್ಟರು. ಗಾಲಿಗಳ ಮುಖ ನೇರವಿದೆಯೇ ಎಂದು ನೋಡುವುದು ಅಲೈನ್‌ಮೆಂಟ್. ಅದು ತಪ್ಪಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಬದಿಗೆ ಸವೆಯುತ್ತದೆ. ಸ್ಟೀರಿಂಗು ನಡುಗಿದರೆ ಅಲೈನ್‌ಮೆಂಟ್ ಒಂದನ್ನೇ ಮಾಡಿಸಿ ಹಣ ಕೊಟ್ಟು ಬರುವುದರಿಂದ ನಡುಕ ಹೋಗುವುದಿಲ್ಲ.

ಸದ್ದು ಮಾತ್ರ ಉಳಿಯಿತು

ಹೆದ್ದಾರಿಯಲ್ಲಿ ಪರೀಕ್ಷೆಗೆಂದು ಓಡಿಸಿದಾಗ ನಡುಕ ಪೂರ್ಣ ನಿಂತಿತ್ತು. ಝೇಂಕಾರ ಮಾತ್ರ ಹಾಗೆಯೇ ಇತ್ತು. ಟೈರಿನ ಪಟ್ಟಿಯಿಂದ ಬರುವ ಸದ್ದಾದರೆ ರಸ್ತೆ ಬದಲಾದಂತೆ ಅದೂ ಬದಲಾಗುತ್ತದೆ: ಒರಟು ಡಾಂಬರಿನಲ್ಲಿ ಒಂದು ಬಗೆ, ನುಣುಪು ಡಾಂಬರಿನಲ್ಲಿ ಇನ್ನೊಂದು ಬಗೆ, ಕಾಂಕ್ರೀಟಿನಲ್ಲಿ ಮತ್ತೊಂದು. ಈ ಸದ್ದು ಎಲ್ಲ ಕಡೆಗೂ ಒಂದೇ ಆಗಿದ್ದು, ವೇಗಕ್ಕೆ ತಕ್ಕಂತೆ ಏರಿಳಿಯುತ್ತಿತ್ತು. ಎಡಕ್ಕೆ ತಿರುಗುವ ತಿರುವಿನಲ್ಲಿ ಜೋರಾಗಿ, ಬಲಕ್ಕೆ ತಿರುಗುವಾಗ ಕಡಿಮೆಯಾಗುತ್ತಿತ್ತು. ಗಾಡಿ ಎಡಕ್ಕೆ ತಿರುಗುವಾಗ ಭಾರವೆಲ್ಲ ಬಲಗಡೆಯ ಗಾಲಿಗಳ ಮೇಲೆ ಬೀಳುತ್ತದೆ. “ಟೈರಿಂದಲ್ರಿ ಇದು. ಬಲಗಡೆ ಮುಂದಿನ ಬೇರಿಂಗ್ ಹೋಗ್ಲಿಕ್ಕತ್ತದ” ಎಂದರು ಮಿಸ್ತ್ರಿಯವರು. ಜ್ಯಾಕ್ ಏರಿಸಿ, ಗಾಲಿಯನ್ನು ಕೈಯಿಂದ ತಿರುಗಿಸಿ, ಅದರ ಸ್ಪ್ರಿಂಗಿನ ಮೇಲೆ ನಮ್ಮ ಬೆರಳನ್ನು ಇಡಿಸಿದರು. ಕಾಳು ಬೀಸುವ ಕಲ್ಲಿನಂತೆ ಸಣ್ಣಗೆ ಗರಗರ ಬೆರಳಿಗೆ ತಾಗಿತು. ಎಡಗಡೆಯ ಗಾಲಿಯಲ್ಲಿ ಅದು ಇರಲಿಲ್ಲ.

ಹೊಸ ಟೈರು ಹಾಕಿದ ದಿನವೇ ಬೇರಿಂಗ್ ಏಕೆ ಕೆಟ್ಟಿತು? ಅದು ಅಂದು ಕೆಟ್ಟುದಲ್ಲ, ಮೊದಲೇ ಸವೆದಿತ್ತು. ಹಳೆಯ ಟೈರುಗಳ ಪಟ್ಟಿ ಗರಗಸದ ಹಲ್ಲಿನಂತೆ ಸವೆದು ಅಬ್ಬರಿಸುತ್ತಿದ್ದುದರಿಂದ ಬೇರಿಂಗಿನ ದನಿ ಅದರಲ್ಲಿ ಮುಚ್ಚಿಹೋಗಿತ್ತು. ಹೊಸ ಟೈರು ಮೌನವಾಗಿ ಓಡಿದಾಗ ಒಳಗಿನ ದನಿ ಕಿವಿಗೆ ಬಿದ್ದಿತು. ಇದು ನಮಗೆ ಮುಖ್ಯವಾದ ಪಾಠವೆನಿಸಿತು. ಟೈರನ್ನೇ ದೂರಿ ಇನ್ನೊಂದು ಜೊತೆ ಕೊಂಡಿದ್ದರೆ ಸಾವಿರಾರು ರೂಪಾಯಿ ವ್ಯಯವಾಗಿ ದೋಷ ಹಾಗೆಯೇ ಉಳಿಯುತ್ತಿತ್ತು. ಬೇರಿಂಗ್ ತೀರ ಸಡಿಲಾಗುವವರೆಗೆ ಓಡಿಸಿದರೆ ಗಾಲಿ ಹಿಡಿತ ತಪ್ಪುವ ಅಪಾಯವಿದೆ. ಹೆದ್ದಾರಿಯಲ್ಲಿ, ಹಿರಿಯರೂ ಮಕ್ಕಳೂ ಕುಳಿತ ಗಾಡಿಯಲ್ಲಿ, ಅದರ ಪರಿಣಾಮವನ್ನು ಹೇಳಬೇಕಾಗಿಲ್ಲ.

ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ ನೋಡಿ, ಇನ್ನೂ ಸಡಿಲಾಗಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ ಮಿಸ್ತ್ರಿಯವರು ನಮ್ಮನ್ನು ಮುಂದೆ ಬಿಟ್ಟರು. ಬೇರಿಂಗನ್ನು ಒತ್ತಿ ಕೂಡಿಸುವ ಪ್ರೆಸ್ ಅವರಲ್ಲಿ ಇರಲಿಲ್ಲ. “ಐವತ್ತರ ಮ್ಯಾಲೆ ಹೋಗಬ್ಯಾಡ್ರಿ. ಇವತ್ತೇ ಕಲ್ಯಾಣದಾಗ ಮಾಡಿಸಿಕೊಳ್ರಿ” ಎಂದು ಹೇಳಿ, ಬೇರಿಂಗಿನ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು. ತಮಗೆ ಆಗದ ಕೆಲಸವನ್ನು ಆಗುತ್ತದೆಂದು ಹೇಳಿ ಹಣ ಪಡೆಯದಿದ್ದ ಆ ಹಿರಿಯರ ನಡೆ ನಮಗೆ ಬಹಳ ಹಿಡಿಸಿತು.

ಕಾಯಕದ ಊರಿನಲ್ಲಿ

ಹುಮನಾಬಾದದಿಂದ ಬಸವಕಲ್ಯಾಣ ಮೂವತ್ತು ಕಿಲೋಮೀಟರಿನ ಆಸುಪಾಸು. ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ ಸಸ್ತಾಪುರ ಬಂಗ್ಲಾದ ಬಳಿ ಊರ ಕಡೆಗೆ ತಿರುಗಬೇಕು. ಈ ಹೆದ್ದಾರಿಯ ಬದಿ ಲಾರಿಗಳ ದುರಸ್ತಿಗೂ ಲಾರಿಯ ಬಾಡಿ ಕಟ್ಟುವ ಕೆಲಸಕ್ಕೂ ಹೆಸರಾದುದು. ಇಲ್ಲಿನ ಆಟೋ ನಗರದಲ್ಲಿ ಬಡಿಗತನ, ವೆಲ್ಡಿಂಗ್, ಬಣ್ಣ, ಲೇತ್ ಎಲ್ಲ ಕೆಲಸದವರೂ ಸಿಗುತ್ತಾರೆ. ಅಲ್ಲಿ ಒಂದು ಗ್ಯಾರೇಜಿನಲ್ಲಿ ಕಾರನ್ನು ಬಿಟ್ಟೆವು. ಮೂರು ಗಂಟೆ ಬೇಕೆಂದರು. ಆಟೋರಿಕ್ಷಾದಲ್ಲಿ ಕುಳಿತು ಊರ ದರ್ಶನಕ್ಕೆ ಹೊರಟೆವು.

ಮೊದಲು ಬಸವೇಶ್ವರ ದೇವಸ್ಥಾನ, ಅನಂತರ ತ್ರಿಪುರಾಂತ ಕೆರೆಯ ಕಡೆಗಿನ ಅನುಭವ ಮಂಟಪ, ಅಕ್ಕನಾಗಮ್ಮನವರ ಗವಿ, ನುಲಿಯ ಚಂದಯ್ಯನವರ ಗವಿ, ಕೊನೆಗೆ ಕೋಟೆ. 2012ರಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ದೂರದಿಂದಲೇ ಕಾಣುತ್ತದೆ. ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು. ತಾಯಿಯವರು ಚಂದಯ್ಯನವರ ಗವಿಯ ಬಳಿ ಬಹಳ ಹೊತ್ತು ಕುಳಿತರು. ಹಗ್ಗ ಹೊಸೆದು ಬದುಕಿದ ಚಂದಯ್ಯ, ಚರ್ಮದ ಕೆಲಸದ ಹರಳಯ್ಯ, ಬಟ್ಟೆ ಒಗೆದ ಮಾಚಯ್ಯ, ಇವರೆಲ್ಲರ ಊರಿದು. ಹೊಸೆದ ಹಗ್ಗ ಭಾರವನ್ನು ತಡೆಯದಿದ್ದರೆ ಹೊಸೆದವನಿಗೆ ಹೆಸರಿಲ್ಲ. ಗಾಲಿಯನ್ನು ಕೂಡಿಸುವವನ ಕಾಯಕವೂ ಅಂಥದೇ. ಗಾಡಿಯಲ್ಲಿ ಕುಳಿತವರು ಅವನ ಮುಖವನ್ನೂ ನೋಡಿರುವುದಿಲ್ಲ. ಅವನು ಬಿಗಿದ ನಾಲ್ಕು ನಟ್ಟಿನ ಮೇಲೆ ಅವರ ಪ್ರಾಣವಿರುತ್ತದೆ.

ಸಂಜೆ ಗ್ಯಾರೇಜಿಗೆ ಮರಳಿದಾಗ ಹಳೆಯ ಬೇರಿಂಗನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಅದನ್ನು ಕೈಯಲ್ಲಿ ತಿರುಗಿಸಿದರೆ ಗುಂಡುಗಳು ತಡೆತಡೆದು ಉರುಳುತ್ತಿದ್ದವು. ಹೆದ್ದಾರಿಯಲ್ಲಿ ಐದು ಕಿಲೋಮೀಟರ್ ಓಡಿಸಿ ನೋಡಿದೆವು. 90ರಲ್ಲಿಯೂ ಹಿಂದಿನ ಸೀಟಿನವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಮರುದಿನ ಮರಳುವಾಗ ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಗೂ ಹೋಗಿ, ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಚಾಲುಕ್ಯ ಶಿಲ್ಪವನ್ನು ನೋಡಿಕೊಂಡು ನಿಶ್ಚಿಂತೆಯಿಂದ ಮನೆ ಸೇರಿದೆವು.

ಬಂಧುಗಳಿಗೆ ಕೆಲವು ಸೂಚನೆಗಳು

ದೂರದ ಯಾತ್ರೆಯ ಹಿಂದಿನ ದಿನ ಟೈರು ಹಾಕಿಸಬೇಡಿ. ಒಂದು ವಾರ ಮೊದಲೇ ಹಾಕಿಸಿ, ಊರ ಹೊರಗಿನ ರಸ್ತೆಯಲ್ಲಿ ಮಿತಿಯೊಳಗಿನ ವೇಗದಲ್ಲಿ ಓಡಿಸಿ ನೋಡಿ.

ಕೊಳ್ಳುವಾಗ ಟೈರಿನ ಪಕ್ಕದ ನಾಲ್ಕಂಕಿಯ ಮುದ್ರೆಯನ್ನು ಓದಿ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಬಾಣದ ಗುರುತಿದ್ದರೆ ಗಾಡಿ ಮುಂದೆ ಹೋಗುವಾಗ ಗಾಲಿ ಆ ದಿಕ್ಕಿಗೇ ತಿರುಗಬೇಕು. ‘ಔಟ್‌ಸೈಡ್’ ಎಂದು ಬರೆದಿದ್ದರೆ ಆ ಮೈ ಹೊರಗೇ ಇರಬೇಕು. ತಿರುವುಮುರುವಾದರೂ ಸದ್ದು ಹೆಚ್ಚಬಹುದು, ಮಳೆಯಲ್ಲಿ ಹಿಡಿತ ತಗ್ಗಬಹುದು.

ಟೈರು ಹಾಕುವಾಗ ಎದುರಿಗೆ ನಿಂತು ನಾಲ್ಕು ಕೆಲಸ ಮಾಡಿಸಿ: ಡಿಸ್ಕಿನ ಒಳಮೈ ತೊಳೆಸುವುದು, ಹಳೆಯ ಸೀಸ ತೆಗೆಸುವುದು, ಯಂತ್ರದಲ್ಲಿ ಸೊನ್ನೆ ಬರುವವರೆಗೆ ತೂಗಿಸುವುದು, ಕೊನೆಗೆ ಹವಾ ಅಳತೆಗೆ ಇಳಿಸುವುದು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ನೋಡಿಸಿ.

ಸದ್ದು ಯಾವ ಗಾಲಿಯದೆಂದು ತಿಳಿಯದಿದ್ದರೆ, ಟೈರಿನ ಬಾಣ ಅಡ್ಡಬಾರದಂತೆ ಅದೇ ಬದಿಯ ಮುಂದಿನ ಗಾಲಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿಸಿ ನೋಡಿ. ಸದ್ದು ಗಾಲಿಯ ಸಂಗಡ ಜಾಗ ಬದಲಿಸಿದರೆ ದೋಷ ಟೈರಿನದು ಅಥವಾ ಡಿಸ್ಕಿನದು. ಅಲ್ಲಿಯೇ ಉಳಿದರೆ ಗಾಡಿಯದು. ರಾತ್ರಿಯಿಡೀ ನಿಂತ ಗಾಡಿ ಬೆಳಗಿನ ಮೊದಲ ಕೆಲವು ಕಿಲೋಮೀಟರ್ ತುಸು ಕುಲುಕಿ ಆಮೇಲೆ ಸರಿಹೋದರೆ ಚಿಂತೆ ಬೇಡ. ಒಂದೇ ಭಂಗಿಯಲ್ಲಿ ನಿಂತ ಟೈರು ಬಿಸಿಯಾಗಿ ಮತ್ತೆ ದುಂಡಾಗುತ್ತದೆ.

ಆದರೆ ನಡುಕ ಕ್ಷಣಕ್ಷಣಕ್ಕೂ ಹೆಚ್ಚುತ್ತಿದ್ದರೆ, ಗಾಲಿಯಿಂದ ಟಕಟಕ ಸದ್ದು ಬಂದರೆ, ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ, ಒಂದು ಕಿಲೋಮೀಟರನ್ನೂ ಮುಂದೆ ಓಡಿಸದೆ ರಸ್ತೆಯ ಬದಿಗೆ ನಿಲ್ಲಿಸಿ. ದರ್ಶನ ನಾಳೆಗೆ ಆದೀತು. ಯಾತ್ರೆಗೆ ಹೊರಟವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಯಜಮಾನರ ಮೊದಲ ಹೊಣೆಯೆಂದು ಬಂಧುಗಳಲ್ಲಿ ನಮ್ಮ ವಿನಂತಿ.